ಬಿಲ್ಲು ಕೊಳ್ಳುವ ಮೊದಲು ಮಗುವನ್ನು ಅಳೆಯಿರಿ



ಕಳೆದ ತಿಂಗಳು ಮದ್ರಸದ ಪಾಠ ಮುಗಿಸಿ ಹೊರಡುತ್ತಿದ್ದಾಗ ಓರ್ವ ತಾಯಿ ಬಾಗಿಲ ಬಳಿ ಕಾಯುತ್ತಾ ನಿಂತಿದ್ದರು. ಅವರ ಪತಿ ಗಲ್ಫ್‌ನಲ್ಲಿದ್ದಾರೆ, ರಜೆಗೆ ಊರಿಗೆ ಬರುವವರಿದ್ದಾರೆ. ಹತ್ತು ವರ್ಷದ ಮಗ ಫೋನಿನಲ್ಲಿ ತಂದೆಯ ಬಳಿ ಒಂದೇ ಹಟ ಹಿಡಿದಿದ್ದಾನಂತೆ. ಚಾಕಲೇಟು ಬೇಡ, ಶೂ ಬೇಡ, ಕಾಂಪೌಂಡ್ ಬಿಲ್ಲು ಬೇಕು!

"ಟೀಚರ್, ಕಾಂಪೌಂಡ್ ಅಂದ್ರೆ ನಮಗೆ ಮನೆಯ ಸುತ್ತಲಿನ ಗೋಡೆ ಮಾತ್ರ ಗೊತ್ತು. ಇದೇನು ಬಿಲ್ಲು? ಯಾವುದು ತರಬೇಕು ಅಂತ ಇವರು ನನ್ನಲ್ಲಿ ಕೇಳ್ತಿದ್ದಾರೆ. ತರುವುದೇ ಬೇಡ ಅಂತ ಹೇಳಿಬಿಡಲಾ? ಬಿಲ್ಲಿನ ಹದೀಸ್ ಮಕ್ಕಳಿಗೆ ಕಲಿಸಿದ್ದು ನೀವೇ ಅಲ್ವಾ? ನೀವೇ ಹೇಳಿ" ಎಂದರು.

ಅವರು ತಮಾಷೆಗೆ ಹೇಳಿದರೋ ಆಕ್ಷೇಪಿಸಿದರೋ ತಿಳಿಯಲಿಲ್ಲ. ಆದರೆ ಆ ಮಾತು ನನ್ನ ಮನಸ್ಸಿಗೆ ನಾಟಿತು. ಏಕೆಂದರೆ ಇದೇ ವಿಷಯದಲ್ಲಿ ಕೆಲವು ವರ್ಷಗಳ ಹಿಂದೆ ನನ್ನ ಮನೆಯಲ್ಲೇ ಒಂದು ತಪ್ಪು ನಡೆದಿತ್ತು. ಹಾಗಾಗಿ ಅವರಿಗೆ ಬಾಗಿಲ ಬಳಿ ಐದು ನಿಮಿಷದಲ್ಲಿ ಹೇಳಲಾಗದ್ದನ್ನು ಈ ತಿಂಗಳ ಅಂಕಣದಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಅರ್ಧ ಪಾಠ

ಬಿಲ್ಲುಗಾರಿಕೆಯನ್ನು ನಮ್ಮ ಧರ್ಮ ಪ್ರೋತ್ಸಾಹಿಸಿದೆ ಎಂಬುದು ನಿಮಗೆಲ್ಲ ತಿಳಿದಿದೆ. ಅಸ್ಲಮ್ ಗೋತ್ರದ ಕೆಲವರು ಬಾಣ ಎಸೆಯುವ ಸ್ಪರ್ಧೆಯಲ್ಲಿದ್ದಾಗ ಪ್ರವಾದಿ(ಸ) ಆ ದಾರಿಯಾಗಿ ಬಂದ ಘಟನೆ ಬುಖಾರಿಯಲ್ಲಿದೆ. ಅವರ ಪಿತಾಮಹ ಇಸ್ಮಾಈಲ್(ಅ) ಬಿಲ್ಲುಗಾರರಾಗಿದ್ದರೆಂದು ನೆನಪಿಸಿ, ತಾನು ಒಂದು ಪಂಗಡದ ಜೊತೆಗಿದ್ದೇನೆಂದು ಪ್ರವಾದಿವರ್ಯರು(ಸ) ಹುರಿದುಂಬಿಸಿದರು. ಕೂಡಲೇ ಇನ್ನೊಂದು ಪಂಗಡದವರು ಕೈ ಕೆಳಗಿಳಿಸಿದರು. ಪ್ರವಾದಿಯವರೇ ಎದುರಾಳಿಗಳ ಜೊತೆ ಇರುವಾಗ ತಾವು ಬಾಣ ಬಿಡುವುದಾದರೂ ಹೇಗೆ ಎಂಬುದು ಅವರ ಸಂಕಟ. ಆಗ ಪ್ರವಾದಿ(ಸ) ತಾನು ಎಲ್ಲರ ಜೊತೆಗೂ ಇದ್ದೇನೆಂದು ಹೇಳಿ ಸ್ಪರ್ಧೆ ಮುಂದುವರಿಸಲು ತಿಳಿಸಿದರು. ಎಷ್ಟು ಸುಂದರವಾದ ಘಟನೆ! ಇದನ್ನು ಹೇಳುವಾಗ ಮಕ್ಕಳ ಕಣ್ಣು ಅರಳುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಆದರೆ ಇದು ಅರ್ಧ ಪಾಠ ಮಾತ್ರ. ಉಳಿದ ಅರ್ಧವನ್ನೂ ಅದೇ ಹದೀಸ್ ಗ್ರಂಥಗಳು ನಮಗೆ ಕಲಿಸುತ್ತವೆ. ಮಸೀದಿಯಲ್ಲೋ ಸಂತೆಯಲ್ಲೋ ಬಾಣ ಹಿಡಿದು ನಡೆಯುವವನು ಅದರ ಮೊನೆಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು, ಯಾರಿಗೂ ಗಾಯವಾಗಬಾರದು ಎಂಬ ಆದೇಶ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಜೀವವಿರುವ ಯಾವುದನ್ನೂ ಗುರಿಯಾಗಿಡಬಾರದೆಂಬ ನಿಷೇಧವಿದೆ. ಒಡಹುಟ್ಟಿದ ಸಹೋದರನತ್ತ ತಮಾಷೆಗೂ ಆಯುಧ ತೋರಿಸಬಾರದೆಂಬ ಎಚ್ಚರಿಕೆಯಿದೆ. ಬಿಲ್ಲು ಕಲಿಯಿರಿ ಎಂದ ಪ್ರವಾದಿವರ್ಯರೇ(ಸ) ಮೊನೆ ಹಿಡಿದುಕೊಳ್ಳಿ ಎಂದೂ ಹೇಳಿದ್ದಾರೆ. ನಾನು ಮೊದಲನೆಯದನ್ನು ಉತ್ಸಾಹದಿಂದ ಕಲಿಸಿದೆ. ಎರಡನೆಯದನ್ನು ಪುಸ್ತಕದಲ್ಲೇ ಬಿಟ್ಟೆ.

ನಮ್ಮ ಮನೆಯಲ್ಲಿ ನಡೆದದ್ದು

ನನ್ನ ಮಗನಿಗೆ ಆಗ ಹತ್ತು ವರ್ಷ. ವಿದೇಶದಲ್ಲಿದ್ದ ನನ್ನ ತಮ್ಮ ಪ್ರೀತಿಯಿಂದ ಅಳಿಯನಿಗೊಂದು ಕಾಂಪೌಂಡ್ ಬಿಲ್ಲು ತಂದ. ಮಗುವಿಗೆ ಇದು ದೊಡ್ಡದಾಗುವುದಿಲ್ಲವೇ ಎಂದು ಅಂಗಡಿಯಲ್ಲಿ ಕೇಳಿದನಂತೆ. ಮಗು ಬೆಳೆಯುತ್ತದೆ, ಆಗ ಸರಿಯಾಗುತ್ತದೆ ಎಂದು ಅಂಗಡಿಯಾತ ಉತ್ತರಿಸಿದನಂತೆ. ನನಗೂ ಅದು ಸರಿಯೆಂದೇ ಕಂಡಿತು. ನಾವು ತಾಯಂದಿರು ಶಾಲೆಯ ಯೂನಿಫಾರ್ಮನ್ನು ಎರಡಿಂಚು ದೊಡ್ಡದೇ ಹೊಲಿಸುತ್ತೇವಲ್ಲ! ಮುಂದಿನ ವರ್ಷಕ್ಕೂ ಆಗಲಿ ಎಂಬ ಲೆಕ್ಕ.

ಬಿಲ್ಲಿಗೆ ಆ ಲೆಕ್ಕ ಸಲ್ಲುವುದಿಲ್ಲ. ಅದು ನಲವತ್ತು ಪೌಂಡಿನ ಬಿಲ್ಲು. ಮಗ ಹಲ್ಲು ಕಚ್ಚಿ, ಬಿಲ್ಲನ್ನು ಆಕಾಶಕ್ಕೆತ್ತಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ ಎಳೆಯುತ್ತಿದ್ದ. ಒಂದು ವಾರದಲ್ಲಿ ಭುಜ ನೋವು ಶುರುವಾಯಿತು. ನಾನು ಎಣ್ಣೆ ಹಚ್ಚಿ ತಿಕ್ಕಿದೆನೇ ಹೊರತು ಕಾರಣವೇನೆಂದು ಯೋಚಿಸಲಿಲ್ಲ. ಒಂದು ಸಂಜೆ ಅವನು ಸ್ನೇಹಿತರಿಗೆ ತೋರಿಸಲೆಂದು ಬಾಣವಿಲ್ಲದೆಯೇ ಹೆದೆಯನ್ನೆಳೆದು ಬಿಟ್ಟ. ಪಟಾಕಿ ಸಿಡಿದಂತಹ ಸದ್ದು. ಓಡಿ ಬಂದು ನೋಡಿದರೆ ಹೆದೆ ಗಾಲಿಯಿಂದ ಹಾರಿತ್ತು, ಬಿಲ್ಲಿನ ಒಂದು ತೋಳು ಸೀಳಿತ್ತು, ಮಗನ ಹುಬ್ಬಿನ ಮೇಲೆ ರಕ್ತ. ಕಣ್ಣಿಗೂ ಗಾಯಕ್ಕೂ ಇದ್ದ ಅಂತರ ನನ್ನ ಕಿರುಬೆರಳಿನಷ್ಟು. ಅಲ್‌ಹಮ್ದುಲಿಲ್ಲಾಹ್, ಅಲ್ಲಾಹನು ಅವನ ಕಣ್ಣನ್ನು ಕಾಪಾಡಿದನು.

ಗಾಯ ಹತ್ತು ದಿನದಲ್ಲಿ ಮಾಗಿತು. ಆದರೆ ಮಗ ಬಿಲ್ಲಿನ ಮಾತನ್ನೇ ಬಿಟ್ಟ. "ನನಗೆ ಶಕ್ತಿ ಇಲ್ಲ ಉಮ್ಮಾ" ಎಂದ. ಸಹೋದರಿಯರೇ, ಹತ್ತು ವರ್ಷದ ಮಗು ತನಗೆ ಶಕ್ತಿಯಿಲ್ಲವೆಂದು ನಂಬಿದರೆ ಆ ನಷ್ಟವನ್ನು ಯಾವ ಅಂಗಡಿಯವನೂ ತುಂಬಿಕೊಡಲಾರ. ಅವನಿಗೆ ಶಕ್ತಿಯಿಲ್ಲದಿರಲಿಲ್ಲ, ನಮಗೆ ತಿಳುವಳಿಕೆಯಿರಲಿಲ್ಲ.

ಏನಿದು ಕಾಂಪೌಂಡ್ ಬಿಲ್ಲು?

ಸಾಮಾನ್ಯ ಬಿಲ್ಲನ್ನು ಎಳೆದಷ್ಟೂ ಅದು ಬಿಗಿಯಾಗುತ್ತಾ ಹೋಗುತ್ತದೆ. ಪೂರ್ತಿ ಎಳೆದು ಗುರಿ ನೋಡುವ ಹೊತ್ತಿಗೆ ಭಾರ ಅತ್ಯಂತ ಹೆಚ್ಚು. ಕಾಂಪೌಂಡ್ ಬಿಲ್ಲಿನ ಎರಡು ತುದಿಗಳಲ್ಲಿ ಗಾಲಿಗಳಿವೆ. ಹೆದೆಯ ಜೊತೆಗೆ ಕೇಬಲ್‌ಗಳೂ ಆ ಗಾಲಿಗಳಿಗೆ ಸುತ್ತಿಕೊಂಡಿರುತ್ತವೆ. ಬಾವಿಯ ರಾಟೆ ನಮ್ಮ ಕೈಯ ಕೆಲಸವನ್ನು ಹಗುರ ಮಾಡುತ್ತದಲ್ಲ, ಇದೂ ಸರಿಸುಮಾರು ಹಾಗೆಯೇ. ಈ ಗಾಲಿ ಪೂರ್ತಿ ದುಂಡಗಿರುವುದಿಲ್ಲ. ಆದ್ದರಿಂದ ಎಳೆತದ ನಡುವೆ ಭಾರ ಹೆಚ್ಚಿದ್ದು ಕೊನೆಯಲ್ಲಿ ಥಟ್ಟನೆ ಇಳಿಯುತ್ತದೆ. ಈ ಇಳಿಕೆಗೆ 'ಲೆಟ್ ಆಫ್' ಎನ್ನುತ್ತಾರೆ. ಮೂವತ್ತು ಪೌಂಡಿನ ಬಿಲ್ಲಿಗೆ ನೂರಕ್ಕೆ 70ರಷ್ಟು ಇಳಿಕೆಯಿದ್ದರೆ, ಗುರಿ ನೋಡುವಾಗ ಕೈಯಲ್ಲಿ ಉಳಿಯುವುದು 9 ಪೌಂಡ್, ಅಂದರೆ ಸುಮಾರು 4 ಕಿಲೋ ಮಾತ್ರ. ಅಮೆರಿಕದ ಮಿಸ್ಸೌರಿಯ ಹೋಲೆಸ್ ವಿಲ್ಬರ್ ಅಲೆನ್ ಎಂಬವರು ಇದನ್ನು ರೂಪಿಸಿ 1969ರಲ್ಲಿ ಪೇಟೆಂಟ್ ಪಡೆದರು.

ಈಗ ಇದು ಆಟದ ಮೈದಾನದಲ್ಲಿ ಗೌರವದ ಸ್ಥಾನ ಪಡೆದಿದೆ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ಗೆ ಕಾಂಪೌಂಡ್ ಸ್ಪರ್ಧೆ ಸೇರಿತು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಈ ವಿಭಾಗದ ಐದೂ ಚಿನ್ನ ಭಾರತಕ್ಕೆ ಬಂದವು. ಅವುಗಳಲ್ಲಿ ಮೂರರಲ್ಲಿ ಆಂಧ್ರದ ಜ್ಯೋತಿ ಸುರೇಖಾರ ಪಾಲಿತ್ತು. ಅದೇ ವರ್ಷ ಮಹಾರಾಷ್ಟ್ರದ ಅದಿತಿ ಸ್ವಾಮಿ ತನ್ನ 17ನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದಳು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯನ್ನೂ ಸೇರಿಸಲಾಗಿದೆ. ಆದ್ದರಿಂದ ಮಗು ಇದನ್ನು ಕೇಳಿದರೆ ಯಾವುದೋ ಹುಚ್ಚೆಂದು ತಳ್ಳಿಹಾಕಬೇಡಿ.

ಮೊದಲ ಅಳತೆ: ಎಳೆತದ ಉದ್ದ

ಅಂಗಡಿಯವರು 'ಡ್ರಾ ಲೆಂಗ್ತ್' ಎನ್ನುವುದು ಇದನ್ನೇ. ಹೆಚ್ಚಿನ ಕಾಂಪೌಂಡ್ ಬಿಲ್ಲುಗಳು ಒಂದು ನಿಗದಿತ ಉದ್ದಕ್ಕೆ ಬಂದು ನಿಲ್ಲುತ್ತವೆ. ಆ ಉದ್ದ ಮಗುವಿನ ಕೈಗೆ ಹೊಂದದಿದ್ದರೆ ನಮ್ಮ ಮಗನಂತೆ ಬೆನ್ನು ಬಾಗಿಸಿ ಎಳೆಯಬೇಕಾಗುತ್ತದೆ.

ಅಳೆಯಲು ಹೊಲಿಗೆಯ ಟೇಪು ಸಾಕು. ಮಗುವನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ. ಎರಡೂ ಕೈಗಳನ್ನು ಬದಿಗೆ ನೇರವಾಗಿ ಚಾಚಲಿ, ಎಳೆದು ಹಿಗ್ಗಿಸುವುದು ಬೇಡ. ಒಂದು ಕೈಯ ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗೆ ಇಂಚಿನಲ್ಲಿ ಅಳೆದು ಎರಡೂವರೆಯಿಂದ ಭಾಗಿಸಿ. 55 ಇಂಚು ಬಂದರೆ ಎಳೆತದ ಉದ್ದ ಸುಮಾರು 22 ಇಂಚು. ಇದು ಅಂದಾಜು ಲೆಕ್ಕ, ನಿಖರವಾದದ್ದನ್ನು ತರಬೇತುದಾರರು ಬಿಲ್ಲು ಹಿಡಿಸಿಯೇ ನೋಡುತ್ತಾರೆ. ಆದರೆ ಕಡಿಮೆಯೆಂದರೆ 26 ಇಂಚು ಎಂದು ಬರೆದಿರುವ ಬಿಲ್ಲು ಈ ಮಗುವಿಗೆ ಆಗುವುದಿಲ್ಲವೆಂದು ತಿಳಿಯಲು ಇಷ್ಟು ಸಾಕು.

ಎರಡನೆಯ ಅಳತೆ: ಎಳೆತದ ಭಾರ

ಇದನ್ನು ಪೌಂಡಿನಲ್ಲಿ ಹೇಳುತ್ತಾರೆ. ಎಂಟರಿಂದ ಹತ್ತು ವರ್ಷದ ಹೆಚ್ಚಿನ ಮಕ್ಕಳಿಗೆ 10ರಿಂದ 15 ಪೌಂಡ್ ಸಾಕು. ಅದಕ್ಕಿಂತ ದೊಡ್ಡವರಿಗೆ 15ರಿಂದ 25ರೊಳಗೆ ಆರಂಭಿಸಬಹುದು. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪಳಗಿದ ವಯಸ್ಕರಿಗೂ ಮಿತಿ 60 ಪೌಂಡ್. ಹೀಗಿರುವಾಗ ಹತ್ತು ವರ್ಷದ ಹುಡುಗನಿಗೆ 40 ಕೊಟ್ಟ ನಮ್ಮ ಬುದ್ಧಿಗೆ ಏನೆನ್ನಬೇಕು?

ವಯಸ್ಸಿಗಿಂತ ಪರೀಕ್ಷೆಯೇ ಮೇಲು. ಮಗು ಬಿಲ್ಲನ್ನು ಗುರಿಯ ನೇರಕ್ಕೆ ಹಿಡಿದು, ಆಕಾಶಕ್ಕೆತ್ತದೆ, ಸೊಂಟ ತಿರುಚದೆ ಎಳೆಯಬೇಕು. ಎಳೆದು ಹತ್ತು ಎಣಿಸುವವರೆಗೆ ಅಲುಗದೆ ಹಿಡಿಯಬೇಕು. ನಂತರ ಹೆದೆಯನ್ನು ಬಿಡದೆ ನಿಧಾನವಾಗಿ ಹಿಂದಕ್ಕೆ ತರಬೇಕು. ಕುರ್ಚಿಯಲ್ಲಿ ಕುಳಿತೂ ಇದನ್ನು ಮಾಡಲು ಸಾಧ್ಯವಾದರೆ ಆ ಭಾರ ಅವನಿಗೆ ಸರಿ. ಬೆಳೆಯುವ ಮೂಳೆಗಳ ಮೇಲೆ ಹೆಚ್ಚಿನ ಭಾರ ಬೀಳಬಾರದು. ಹಗುರ ಬಿಲ್ಲಿನಲ್ಲಿ ನೂರು ಬಾಣ ಬಿಟ್ಟ ಮಗು ಕಲಿಯುತ್ತದೆ, ಭಾರದ ಬಿಲ್ಲಿನಲ್ಲಿ ಹತ್ತು ಬಿಟ್ಟ ಮಗು ಸೋಲುತ್ತದೆ. ಬಿಲ್ಲಿನ ಸ್ವಂತ ತೂಕವನ್ನೂ ಮರೆಯಬೇಡಿ. ಒಂದೂವರೆ ಕಿಲೋ ತೂಕವನ್ನು ಚಾಚಿದ ಕೈಯಲ್ಲಿ ಹಿಡಿದು ನಿಲ್ಲುವುದು ಮಕ್ಕಳಿಗೆ ಸುಲಭವಲ್ಲ.

ಮೂರನೆಯದು: ಯಾವ ಕಣ್ಣು?

ಇದು ನನಗೆ ಗೊತ್ತೇ ಇರಲಿಲ್ಲ. ನಾವು ಯಾವ ಕೈಯಲ್ಲಿ ಬರೆಯುತ್ತೇವೆಯೋ ಅದೇ ಬದಿಯ ಕಣ್ಣು ಗುರಿ ನೋಡುವುದರಲ್ಲಿ ಮುಂದಿರಬೇಕೆಂದಿಲ್ಲ. ಮಗು ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈಗಳನ್ನು ಜೋಡಿಸಿ ನಡುವೆ ಒಂದು ಸಣ್ಣ ಕಿಂಡಿ ಮಾಡಲಿ. ಆ ಕಿಂಡಿಯಲ್ಲಿ ದೂರದ ಗೋಡೆ ಗಡಿಯಾರವನ್ನು ನೋಡಲಿ. ಈಗ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೆಯೋ ಅದೇ ಮುಂದಾಳು ಕಣ್ಣು. ಬಲಗಣ್ಣಾದರೆ ಬಲಗೈ ಬಿಲ್ಲು, ಅಂದರೆ ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಎಳೆಯುವಂಥದ್ದು. ಎಡಗಣ್ಣಾದರೆ ಎಡಗೈ ಬಿಲ್ಲಿನ ಬಗ್ಗೆ ತರಬೇತುದಾರರಲ್ಲಿ ಕೇಳಿ. ಬಿಲ್ಲನ್ನು ತಂದ ಮೇಲೆ ಕೈ ಬದಲಿಸಲು ಬರುವುದಿಲ್ಲ.

ಯಾವ ಬಗೆಯದು ತರಬೇಕು?

ಆರಂಭದ ಮಕ್ಕಳಿಗೆ ಮುಖ್ಯವಾಗಿ ಎರಡು ಬಗೆಯ ಬಿಲ್ಲುಗಳಿವೆ.

ಮೊದಲನೆಯದು ಜೆನೆಸಿಸ್ ಎಂಬ ಹೆಸರಿನದು. ಇದರಲ್ಲಿ ಗಾಲಿಯಿದ್ದರೂ ಕೊನೆಯ ಇಳಿಕೆ ಇಲ್ಲ, ನಿಗದಿತ ಎಳೆತದ ಉದ್ದವೂ ಇಲ್ಲ. 15 ಇಂಚಿನಿಂದ 30 ಇಂಚಿನವರೆಗೆ ಯಾರು ಬೇಕಾದರೂ ಎಳೆಯಬಹುದು. ಭಾರವನ್ನು 10ರಿಂದ 20 ಪೌಂಡಿನೊಳಗೆ ಹೊಂದಿಸಬಹುದು. ಅಮೆರಿಕದ ಕೆಂಟಕಿಯಲ್ಲಿ 2002ರಲ್ಲಿ ಆರಂಭವಾದ ಶಾಲಾ ಬಿಲ್ಲುಗಾರಿಕೆ ಕಾರ್ಯಕ್ರಮದಲ್ಲಿ ನಾಲ್ಕನೇ ತರಗತಿಯಿಂದ ಹನ್ನೆರಡರವರೆಗಿನ ಮಕ್ಕಳು ಈ ಬಿಲ್ಲಿನಲ್ಲೇ ಕಲಿಯುತ್ತಾರೆ. ಇನ್ನೂ ಚಿಕ್ಕವರಿಗೆ ಇದರದೇ ಮಿನಿ ಇದೆ, 6ರಿಂದ 12 ಪೌಂಡ್, 14ರಿಂದ 25 ಇಂಚು. ಮನೆಯಲ್ಲಿ ಮೂರು ಮಕ್ಕಳಿದ್ದರೆ ಒಂದೇ ಬಿಲ್ಲು ಮೂವರಿಗೂ ಆಗುವುದು ಇದರ ದೊಡ್ಡ ಲಾಭ.

ಎರಡನೆಯದು ಮಗುವಿನ ಜೊತೆ ಬೆಳೆಯುವ ಬಿಲ್ಲು. ಬೇರ್ ಕಂಪೆನಿಯ ಕ್ರೂಝರ್ ಜಿ2 12ರಿಂದ 30 ಇಂಚಿನವರೆಗೆ, ಡೈಮಂಡ್ ಕಂಪೆನಿಯ ಇನ್ಫಿನಿಟ್ ಎಡ್ಜ್ ಪ್ರೊ 13ರಿಂದ 31 ಇಂಚಿನವರೆಗೆ ಹೊಂದಿಕೊಳ್ಳುತ್ತವೆ. ಎರಡರ ಭಾರವೂ 5ರಿಂದ 70 ಪೌಂಡಿನವರೆಗೆ ಬದಲಾಗುತ್ತದೆ. ಇವುಗಳಲ್ಲಿ ಕೊನೆಯ ಇಳಿಕೆ ಇದೆ. ಮುಂದೆ ಸ್ಪರ್ಧೆಗೆ ಹೋಗುವ ಆಸೆಯಿರುವ ಮಗುವಿಗೆ ಇವು ಹೆಚ್ಚು ಕಾಲ ಬಾಳುತ್ತವೆ. ಆದರೆ ಒಂದು ಎಚ್ಚರ: 70 ಪೌಂಡಿಗೆ ಏರುವ ಬಿಲ್ಲು ಮಕ್ಕಳ ಆಟಿಕೆಯಲ್ಲ. ಭಾರ ಏರಿಸುವುದು ಎರಡು ಬದಿಯ ಬೋಲ್ಟುಗಳಿಂದ, ತಿರುಗಿಸುವುದು ಅಲೆನ್ ಕೀಯಿಂದ. ಆ ಕೀ ತಾಯಿಯ ಬೀರುವಿನಲ್ಲಿರಲಿ. ತಿರುಗಿಸುವಾಗ ಎರಡೂ ಬದಿಗೆ ಸಮ ಸುತ್ತು, ಅದೂ ಕಂಪೆನಿಯ ಪುಸ್ತಕದಲ್ಲಿ ಹೇಳಿದ ಮಿತಿಯೊಳಗೆ.

ಹಾಗಾದರೆ ಮೊದಲು ಯಾವುದು? ಮಗುವಿನ ಆಸಕ್ತಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ ಮೊದಲನೆಯ ಬಗೆಯೇ ಒಳ್ಳೆಯದು. ಅದಕ್ಕೂ ಮೊದಲು ಏನನ್ನೂ ಕೊಳ್ಳದೆ ಒಂದೆರಡು ತಿಂಗಳು ತರಬೇತಿಗೆ ಕಳಿಸುವುದು ಇನ್ನೂ ಒಳ್ಳೆಯದು. ನಮ್ಮ ದೇಶದಲ್ಲಿ ಬಹಳಷ್ಟು ಮಕ್ಕಳು ಬಿದಿರಿನ ಬಿಲ್ಲಿನಲ್ಲೇ ಆರಂಭಿಸುತ್ತಾರೆ, ಅದಕ್ಕೆಂದೇ 'ಇಂಡಿಯನ್ ರೌಂಡ್' ಎಂಬ ಸ್ಪರ್ಧೆಯೂ ಇದೆ. ಎಲ್ಲಿ ಕಲಿಸುತ್ತಾರೆಂದು ನಿಮ್ಮ ಜಿಲ್ಲಾ ಕ್ರೀಡಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಸಾಲ ಮಾಡಿ ದುಬಾರಿ ಬಿಲ್ಲು ತಂದು ಅಟ್ಟದ ಮೇಲಿಡುವುದು ದುಂದುವೆಚ್ಚ. ದುಂದುವೆಚ್ಚವನ್ನು ಅಲ್ಲಾಹನು ಮೆಚ್ಚುವುದಿಲ್ಲ.

ಹಳೆಯ ಬಿಲ್ಲು ಸಿಕ್ಕಿದರೆ ಹೆದೆಯ ನೂಲು ಎದ್ದಿದೆಯೇ, ತೋಳುಗಳಲ್ಲಿ ಕೂದಲೆಳೆಯಷ್ಟಾದರೂ ಬಿರುಕಿದೆಯೇ ಎಂದು ಬಲ್ಲವರಿಗೆ ತೋರಿಸಿಯೇ ಕೊಳ್ಳಿ. ಕಾಂಪೌಂಡ್ ಬಿಲ್ಲಿನ ಹೆದೆಯನ್ನು ಕೈಯಿಂದ ಬಿಚ್ಚಲಾಗದು, ಅದಕ್ಕೆ ಬೇರೆಯೇ ಯಂತ್ರ ಬೇಕು. ಮಕ್ಕಳು ಆ ಪ್ರಯತ್ನಕ್ಕೆ ಕೈ ಹಾಕದಿರಲಿ.

ಬಿಲ್ಲಿನ ಜೊತೆಗೆ ಬೇಕಾದದ್ದು

ಬಾಣ ಬಿಲ್ಲಿಗೂ ಮಗುವಿಗೂ ಹೊಂದಬೇಕು. ಎಳೆತದ ಉದ್ದಕ್ಕಿಂತ ಒಂದೆರಡು ಇಂಚಾದರೂ ಉದ್ದವಿರಲಿ. ಗಿಡ್ಡ ಬಾಣವಾದರೆ ಎಳೆಯುವಾಗ ಆಸರೆಯಿಂದ ಜಾರಿ ಕೈಗೇ ಚುಚ್ಚುವ ಅಪಾಯವಿದೆ. ಕಾಂಪೌಂಡ್ ಬಿಲ್ಲಿಗೆ ಮರದ ಬಾಣ ಬೇಡ, ಅಲ್ಯೂಮಿನಿಯಂ ಅಥವಾ ಕಾರ್ಬನ್ ಬಾಣವಿರಲಿ. ಕಾರ್ಬನ್ ಬಾಣವನ್ನು ಪ್ರತಿ ಬಾರಿಯೂ ಮೆಲ್ಲಗೆ ಬಗ್ಗಿಸಿ ಬಿರುಕು ನೋಡಬೇಕು. ಅಭ್ಯಾಸದ ಸಾದಾ ಮೊನೆ ಸಾಕು, ಬೇಟೆಯ ಅಲಗಿನ ಮೊನೆ ಮನೆಗೆ ಬರಲೇಬಾರದು.

ಮುಂಗೈಗೆ ಕಾಪು ಬೇಕು, ಹೆದೆ ಬಡಿದರೆ ಬಾಸುಂಡೆ ಏಳುತ್ತದೆ. ಬೆರಳಿನಿಂದ ಎಳೆಯುವ ಬಿಲ್ಲಿಗೆ ಬೆರಳಿನ ಚರ್ಮದ ಪಟ್ಟಿ ಬೇಕು. ಗಿಡ್ಡ ಬಿಲ್ಲುಗಳಿಗೆ ಮಣಿಕಟ್ಟಿಗೆ ಕಟ್ಟುವ 'ರಿಲೀಸ್' ಬೇಕಾಗುತ್ತದೆ. ಅದರ ಕುದುರೆಯ ಮೇಲೆ ಎಳೆಯುವಾಗ ಬೆರಳಿಡಬಾರದು. ಅರ್ಧದಲ್ಲೇ ಬಿಟ್ಟುಹೋದರೆ ಕೈ ರಭಸದಿಂದ ಹಿಂದಕ್ಕೆ ಬಂದು ಮುಖಕ್ಕೇ ಬಡಿಯುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೂ ಒಂದು ಮಾತು. ಸಡಿಲ ತೋಳು, ಜೋತುಬಿದ್ದ ದುಪಟ್ಟಾ ಹೆದೆಗೆ ಸಿಲುಕುತ್ತವೆ. ತಲೆವಸ್ತ್ರವನ್ನು ಗಲ್ಲದ ಕೆಳಗೆ ಬಿಗಿಯಾಗಿ ಸುತ್ತಿ ತುದಿಯನ್ನು ಒಳಗೆ ಸೇರಿಸಬೇಕು, ಮೇಲಿಂದ ಎದೆಕಾಪು ಹಾಕಿದರೆ ಯಾವ ತೊಂದರೆಯೂ ಇಲ್ಲ. ಇರಾನಿನ ಝಹ್ರಾ ನೆಮತಿ ಹಿಜಾಬ್ ಧರಿಸಿ, ಗಾಲಿಕುರ್ಚಿಯಲ್ಲಿ ಕುಳಿತು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 2016ರ ರಿಯೋದಲ್ಲಿ ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಸ್ಪರ್ಧಿಸಿದರು. ಅವರದು ಗಾಲಿಯಿಲ್ಲದ ರಿಕರ್ವ್ ಬಿಲ್ಲು. ಜಮ್ಮುವಿನ ಕಿಶ್ತ್‌ವಾರ್‌ನ ಶೀತಲ್ ದೇವಿಗೆ ಹುಟ್ಟಿನಿಂದಲೇ ಎರಡೂ ಕೈಗಳಿಲ್ಲ. ಆಕೆ ಕಾಲಿನಿಂದ ಕಾಂಪೌಂಡ್ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಮಿಶ್ರ ತಂಡದ ಕಂಚು ಗೆದ್ದಳು. ಇವರಿಬ್ಬರ ಕಥೆಯನ್ನು ನಿಮ್ಮ ಮಕ್ಕಳಿಗೆ ಹೇಳಿ.

ಮುರಿಯಬಾರದ ನಿಯಮಗಳು

ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ಬಡಿದು ಅದು ಒಡೆಯುತ್ತದೆ. ನನ್ನ ಮಗನ ಹುಬ್ಬಿನ ಗುರುತು ಇದಕ್ಕೆ ಸಾಕ್ಷಿ. ಬಿಲ್ಲನ್ನು, ಅದರಲ್ಲಿ ಬಾಣವಿರಲಿ ಇಲ್ಲದಿರಲಿ, ಮನುಷ್ಯರತ್ತ ಹಿಡಿಯಬಾರದು. ಹಕ್ಕಿ, ಬೆಕ್ಕು, ಓತಿಕ್ಯಾತ ಯಾವುದನ್ನೂ ಗುರಿ ಮಾಡಬಾರದು. ಬಾಣವನ್ನು ಮೇಲಕ್ಕೆ ಹಾರಿಸಬಾರದು. ಗುರಿಯ ಹಿಂದೆ ಮಣ್ಣಿನ ದಿಬ್ಬವೋ ಬಲೆಯೋ ಇರಬೇಕು. ಕಲ್ಲಿನ ಗೋಡೆಯಾದರೆ ಬಾಣ ಪುಟಿದು ಬರುತ್ತದೆ. ದೊಡ್ಡ ಗುರಿಯಿಟ್ಟು ಐದು ಮೀಟರ್ ದೂರದಿಂದ ಆರಂಭಿಸಿದರೆ ಸಾಕು.

ಮೈದಾನದಲ್ಲಿ ಸೀಟಿಯ ಕ್ರಮವಿದೆ. ಎರಡು ಸೀಟಿಗೆ ಗೆರೆಯ ಬಳಿ ಬರುವುದು, ಒಂದಕ್ಕೆ ಬಾಣ ಬಿಡುವುದು, ಮೂರಕ್ಕೆ ಹೋಗಿ ಬಾಣ ತರುವುದು. ಎಲ್ಲರೂ ಬಿಟ್ಟು ಮುಗಿಯುವವರೆಗೆ ಯಾರೂ ಗೆರೆ ದಾಟಬಾರದು. ಬಾಣ ಕೀಳುವಾಗ ಹಿಂದೆ ಯಾರೂ ನಿಂತಿರಬಾರದು, ಬಾಲದ ತುದಿ ಕಣ್ಣಿಗೆ ಚುಚ್ಚೀತು. ಬಾಣಗಳನ್ನು ಮೊನೆಯ ಬದಿಯಿಂದ ಹಿಡಿದು ನಡೆಯಬೇಕು. ಓದುತ್ತಿದ್ದಂತೆ ನಿಮಗೆ ಹದೀಸ್ ನೆನಪಾಯಿತಲ್ಲವೇ? ತರಬೇತಿ ಮೈದಾನದಲ್ಲಿ ಈ ನಿಯಮ ಕೇಳಿದಾಗ ನನಗೂ ಹಾಗೆಯೇ ಆಯಿತು. ಹದಿನಾಲ್ಕು ಶತಮಾನಗಳ ಹಿಂದೆ ಮಸೀದಿಯ ಬಾಗಿಲಲ್ಲಿ ಕಲಿಸಿದ ಪಾಠವಿದು.

ಬಿಲ್ಲು ಬೀಗವಿರುವ ಕಪಾಟಿನಲ್ಲಿರಲಿ, ಬಾಣ ಬೇರೆ ಕಡೆ ಇರಲಿ. ಹಿರಿಯರು ಜೊತೆಗಿಲ್ಲದೆ ಎರಡೂ ಒಟ್ಟಿಗೆ ಮಗುವಿನ ಕೈಗೆ ಸಿಗಬಾರದು. ಹೇಳಿದ ಮಾತಿಗೆ ತಕ್ಷಣ ನಿಲ್ಲುವ ಅಭ್ಯಾಸ ಮಗುವಿಗಿಲ್ಲದಿದ್ದರೆ ಇನ್ನೂ ಒಂದು ವರ್ಷ ಕಾಯಿರಿ.

ಜನ ಏನೆಂದಾರು?

ಆ ತಾಯಿ ಕೊನೆಗೆ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಕೇಳಿದರು. "ಟೀಚರ್, ನಮ್ಮ ಮಕ್ಕಳ ಕೈಯಲ್ಲಿ ಬಿಲ್ಲು ಬಾಣ ಕಂಡರೆ ಜನ ಏನಾದರೂ ತಿಳಿದುಕೊಳ್ಳುವುದಿಲ್ಲವಾ?" ಈ ಹೆದರಿಕೆಯನ್ನು ನಾನು ನಗೆಯಾಡಲಾರೆ. ಇಂದಿನ ದಿನಗಳಲ್ಲಿ ಅದು ಬಹಳ ತಾಯಂದಿರ ಮನಸ್ಸಿನಲ್ಲಿದೆ. ನನ್ನ ಉತ್ತರ ಇಷ್ಟೇ: ಮನೆಯ ಹಿತ್ತಿಲಲ್ಲಿ ಮುಚ್ಚಿ ಮಾಡಬೇಡಿ. ಎಲ್ಲ ಸಮುದಾಯದ ಮಕ್ಕಳೂ ಬರುವ ತರಬೇತಿ ಮೈದಾನಕ್ಕೆ ಕಳಿಸಿ. ಖರೀದಿಯ ರಶೀದಿಯನ್ನು ಜೋಪಾನವಾಗಿಡಿ. ನೆರೆಮನೆಯವರಿಗೂ ಹೇಳಿ, ಅವರ ಮಕ್ಕಳನ್ನೂ ಕರೆಯಿರಿ. ಒಂದೇ ಗೆರೆಯ ಮೇಲೆ ನಿಂತು, ಒಬ್ಬರ ಬಾಣ ಇನ್ನೊಬ್ಬರು ಕಿತ್ತು ತಂದುಕೊಡುವ ಮಕ್ಕಳ ನಡುವೆ ಸಂಶಯಕ್ಕೆ ಜಾಗವಿರುವುದಿಲ್ಲ.

ನಮ್ಮ ಮನೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಘಟನೆಯಾಗಿ ಒಂದು ವರ್ಷದ ನಂತರ ಉಹುದ್ ಯುದ್ಧದಲ್ಲಿ ಪ್ರವಾದಿವರ್ಯರ(ಸ) ರಕ್ಷಣೆಗೆ ನಿಂತ ಉಮ್ಮು ಉಮಾರ(ರ) ಅವರ ಬಗ್ಗೆ ಪಾಠ ಮಾಡಿದೆ. ಅಂದು ಅವರ ಕೈಯಲ್ಲಿ ಖಡ್ಗದ ಜೊತೆ ಬಿಲ್ಲೂ ಇತ್ತು. ಮನೆಗೆ ಬಂದಾಗ ಒಂಬತ್ತು ವರ್ಷದ ಮಗಳು ಕೇಳಿದಳು: "ಉಮ್ಮಾ, ಮಾಮ ಅಣ್ಣನಿಗೆ ಮಾತ್ರ ಯಾಕೆ ಬಿಲ್ಲು ತಂದದ್ದು?" ನನ್ನಲ್ಲಿ ಉತ್ತರವಿರಲಿಲ್ಲ. ಅವಳಿಗೂ ಬೇಕಿರಬಹುದೆಂದು ನಮಗ್ಯಾರಿಗೂ ಹೊಳೆದೇ ಇರಲಿಲ್ಲ.

ಈ ಬಾರಿ ಅಂಗಡಿಗೆ ಹೋಗಲಿಲ್ಲ, ತರಬೇತುದಾರರ ಬಳಿ ಹೋದೆವು. ಅವರು ಬಿಲ್ಲು ತೋರಿಸುವ ಮೊದಲು ಟೇಪು ತೆಗೆದು ಅವಳನ್ನು ಅಳೆದರು, ಕಣ್ಣು ಪರೀಕ್ಷಿಸಿದರು, ಹತ್ತು ಪೌಂಡಿನ ಬಿಲ್ಲು ಕೊಟ್ಟರು. ಮಗ ದೂರದಲ್ಲಿ ಮರದ ಕೆಳಗೆ ಕುಳಿತು ನೋಡುತ್ತಿದ್ದ. ಮೂರನೆಯ ವಾರ ತಂಗಿಯ ಬಾಣ ಕಿತ್ತು ತರಲು ಎದ್ದ. ಎರಡು ತಿಂಗಳ ನಂತರ, ಯಾರೂ ಹೇಳದೆ, "ನಾನೂ ಒಂದು ಸಲ ಎಳೆಯಲಾ?" ಎಂದು ಕೇಳಿದ. ಅದೇ ಹಗುರ ಬಿಲ್ಲನ್ನು ಅವನು ಸಲೀಸಾಗಿ ಎಳೆದು ಹಿಡಿದ. ತಿರುಗಿ ನನ್ನನ್ನು ನೋಡಿದ. ಆ ನೋಟವನ್ನು ನಾನು ಮರೆಯಲಾರೆ.

ಆದ್ದರಿಂದ ಸಹೋದರಿ, ನಿಮ್ಮ ಪತಿಗೆ ಇಷ್ಟು ಬರೆದು ಕಳಿಸಿ: ಮಗನ ಎಳೆತದ ಉದ್ದ, ಅವನ ಮುಂದಾಳು ಕಣ್ಣು, 15 ಪೌಂಡ್ ಮೀರದ ಆರಂಭದ ಭಾರ, ಬೇಟೆಯ ಮೊನೆಯಿಲ್ಲದ ಬಾಣ. ವಿಮಾನದಲ್ಲಿ ಬಿಲ್ಲು ಬಾಣವನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಲಗೇಜಿಗೆ ಹಾಕುವ ಮೊದಲು ವಿಮಾನ ಕಂಪೆನಿಯಲ್ಲಿ ವಿಚಾರಿಸಲಿ. ಮನೆಯಲ್ಲಿ ಮಗಳಿದ್ದರೆ ಅವಳನ್ನೂ ಅಳೆಯಿರಿ. ಅವರು ಬರುವವರೆಗೆ ಮಗನಿಗೆ ಮೊನೆ ಹಿಡಿದು ನಡೆಯುವ ಹದೀಸನ್ನು ಕಲಿಸಿ. ನಾನೂ ಈ ವರ್ಷದಿಂದ ತರಗತಿಯಲ್ಲಿ ಎರಡನ್ನೂ ಒಟ್ಟಿಗೇ ಕಲಿಸುತ್ತಿದ್ದೇನೆ.

ಅಲ್ಲಾಹನು ನಮ್ಮ ಮಕ್ಕಳ ಕೈಗಳಿಗೆ ಬಲವನ್ನೂ, ಆ ಬಲವನ್ನು ಹಿಡಿತದಲ್ಲಿಡುವ ವಿವೇಕವನ್ನೂ ಕರುಣಿಸಲಿ. ಆಮೀನ್.